ಹತ್ತು ಮಾತ್ರೆ

ಶುಕ್ರವಾರ ಬೆಳಿಗ್ಗೆ ಹೆಂಡತಿಗೆ ಹೂ ಮುಡಿಸಲು ಹೋದ ಶಿವಮಲ್ಲಪ್ಪನವರ ಕೈಗೆ ಕೂದಲೇ ಕಿತ್ತು ಬಂತು. ಎಳೆದದ್ದಿಲ್ಲ, ಜಗ್ಗಿದ್ದಿಲ್ಲ. ಜಡೆಯ ಬುಡಕ್ಕೆ ಪಿನ್ನು ಸಿಕ್ಕಿಸಿ, ಹೂವು ನಿಂತಿತೋ ಇಲ್ಲವೋ ಅಂತ ಬೆರಳಲ್ಲಿ ಒಂಚೂರು ಒತ್ತಿ ನೋಡಿದ್ದು ಅಷ್ಟೇ. ಪಿನ್ನು, ಒಂದು ಮೊಳ ಹೂವು, ಅದರ ಜೊತೆಗೆ ಹಿಡಿ ತುಂಬುವಷ್ಟು ಕೂದಲು, ಮೂರೂ ಒಟ್ಟಿಗೇ ಅಂಗೈಗೆ ಜಾರಿದವು. ಹದವಾದ ಮಣ್ಣಿನಿಂದ ಹುಲ್ಲು ಕಿತ್ತ ಹಾಗೆ, ಬುಡ ಸಮೇತ. ಸದ್ದಿಲ್ಲ, ನೋವಿಲ್ಲ.

"ಯಾಕ್ರೀ ನಿಂತ್ಬುಟ್ರಿ? ಹೂ ನಿಲ್ತಾ ಇಲ್ವಾ?" ಅಂದರು ಸರ್ವಮಂಗಳಮ್ಮ, ಬೆನ್ನು ತೋರಿಸಿ ಕೂತಲ್ಲಿಂದಲೇ.

"ಪಿನ್ನು ಸಡಿಲ ಕಣೇ," ಅಂದ ಶಿವಮಲ್ಲಪ್ಪ ಆ ಕೂದಲನ್ನು ಉಂಡೆ ಕಟ್ಟಿ ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅರವತ್ತೇಳು ವರ್ಷದ ಗಂಡಸು, ತನ್ನ ಮನೆಯ ನಡುಮನೆಯಲ್ಲಿ ನಿಂತು, ಕದ್ದ ಮಾಲು ಬಚ್ಚಿಡುವವನ ಹಾಗೆ ಬಾಗಿಲ ಕಡೆ ನೋಡಿದರು.

"ಸುಳ್ಳು ಹೇಳ್ಬೇಡಿ. ದಿಂಬಿನ ಮೇಲೆ ನಾನೇ ನೋಡಿದೀನಿ. ನಿನ್ನೆ ಸ್ನಾನಕ್ಕೆ ಹೋದಾಗ ನೀರೇ ಹೋಗ್ಲಿಲ್ಲ, ಬಚ್ಚಲ ಜಾಲರಿ ಕಟ್ಕೊಂಡು ಕೂತಿತ್ತು."

"ಡಾಕ್ಟ್ರಮ್ಮ ಹೇಳಿದ್ರಲ್ಲ, ಕೂದಲು ಉದುರಬಹುದು ಅಂತ. ನನ್ನೆದುರಿಗೇ ಹೇಳಿದ್ರು. ಉದುರ್ತಾ ಇದೆ ಅಂದ್ರೆ ಮಾತ್ರೆ ಒಳಗೆ ಕೆಲಸ ಮಾಡ್ತಾ ಇದೆ ಅಂತ."

ಹೇಳಿದ್ದು ಗಟ್ಟಿಯಾಗಿಯೇ. ಆದರೆ ಡಾಕ್ಟರು ಆಡಿದ ಮಾತಿನಲ್ಲಿ 'ಸ್ವಲ್ಪ' ಅಂತ ಒಂದಿತ್ತು. ಕೂದಲು ಸ್ವಲ್ಪ ಉದುರಬಹುದು. ಸೊಂಟಕ್ಕೆ ಸಿಕ್ಕಿಸಿಕೊಂಡ ಉಂಡೆ ನಿಂಬೆಹಣ್ಣಿಗಿಂತ ದಪ್ಪ ಇತ್ತು. ಅದು ಚರ್ಮಕ್ಕೆ ತಾಗುತ್ತಿದ್ದ ಜಾಗದಲ್ಲೆಲ್ಲ ಶಿವಮಲ್ಲಪ್ಪನವರಿಗೆ ಹುಳ ಹರಿದ ಹಾಗಾಗುತ್ತಿತ್ತು.

ಶಿವಮಲ್ಲಪ್ಪ ಅಂದರೆ ಅಗ್ರಹಾರದಲ್ಲಿ ಯಾರಿಗೂ ತಕ್ಷಣ ತಿಳಿಯಲಿಕ್ಕಿಲ್ಲ. ಕಂಟ್ರೋಲರ್ ಶಿವಮಲ್ಲಪ್ಪ ಅಂದರೆ ಓಣಿಯ ಹಾಲಿನವನೂ ಮನೆ ತೋರಿಸುತ್ತಾನೆ. ಓದಿದ್ದು ಏಳನೇ ಕ್ಲಾಸು. ಕಂಡಕ್ಟರಾಗಿ ಸೇರಿ, ಬೋರ್ಡು, ಸುತ್ತೋಲೆ ಓದಿ ಓದಿ ಇಂಗ್ಲಿಷನ್ನು ತಾವೇ ಕಲಿತು, ಕೊನೆಯ ಹದಿನಾಲ್ಕು ವರ್ಷ ನಗರ ಬಸ್ ನಿಲ್ದಾಣದ ಕಂಟ್ರೋಲರ್ ಗೂಡಿನಲ್ಲಿ ಕೂತವರು. ಯಾವ ಗಾಡಿ ಯಾವ ದಾರಿಗೆ, ಯಾವ ಡ್ರೈವರ್ ಯಾವ ಪಾಳಿಗೆ ಅನ್ನುವುದೆಲ್ಲ ಅವರ ಬೆರಳ ತುದಿಯಲ್ಲಿ. ಡಿಪೋದಿಂದ ಬರುವ ಡ್ಯೂಟಿ ಚಾರ್ಟಿನಲ್ಲಿ ತಪ್ಪು ಹಿಡಿಯುವುದೆಂದರೆ ಅವರಿಗೆ ಹಬ್ಬದೂಟ. ಗುಮಾಸ್ತ ಎರಡು ಗಾಡಿಯ ನಂಬರು ಅದಲು ಬದಲು ಬರೆದಿದ್ದರೆ ದೂರದಿಂದಲೇ ಮೂಸಿ ಹೇಳುತ್ತಿದ್ದರು. ಕೆಂಪು ಪೆನ್ನಿನಲ್ಲಿ ಅಡ್ಡ ಗೀಟು, ಮೇಲೆ ಸರಿಯಾದದ್ದು, ಪಕ್ಕದಲ್ಲಿ 'ಶಿ.ಮ.' ಅಂತ ಸಹಿ. ಆ ಸಹಿ ಬಿದ್ದ ಮೇಲೆ ಮ್ಯಾನೇಜರೂ ಮಾತಾಡುತ್ತಿರಲಿಲ್ಲ. ನಿವೃತ್ತರಾಗಿ ಒಂಬತ್ತು ವರ್ಷವಾದರೂ ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನು ಇರಲೇಬೇಕು. ಓಣಿಯವರ ಗ್ಯಾಸಿನ ಫಾರಮ್ಮು, ಪಿಂಚಣಿ ಅರ್ಜಿ, ಎಲ್ಲ ಅವರ ಕೈ ದಾಟಿಯೇ ಹೋಗಬೇಕು. ಮನೆಯೊಳಗಂತೂ ಅವರು ಹೇಳಿದ್ದೇ ಹೇಳಿದ್ದು.

ಸರ್ವಮಂಗಳಮ್ಮನಿಗೆ ಬೆರಳಿನ ಕಾಯಿಲೆ ಶುರುವಾದದ್ದು ಶಿವರಾತ್ರಿ ಕಳೆದ ಮೇಲೆ. ಮೊದಲು ಬೆಳಗಿನ ಹೊತ್ತು ಗಿಣ್ಣು ಊದಿಕೊಳ್ಳುತ್ತಿತ್ತು. ಆಮೇಲೆ ಲೋಟ ಹಿಡಿಯಲಾಗದು, ಹಿಟ್ಟು ಕಲಸಲಾಗದು. ಕೇಳಿದವರಿಗೆಲ್ಲ ಲಿಂಗ ಕಟ್ಟಿಕೊಳ್ಳುವ ಶಿವದಾರ ಹೊಸೆದು ಕೊಡುತ್ತಿದ್ದ ಕೈ ಅದು. ಆಷಾಢದ ಹೊತ್ತಿಗೆ ತಮ್ಮ ಜಡೆಯನ್ನೇ ಹೆಣೆದುಕೊಳ್ಳಲಾರದೆ ಸೊಸೆ ಬಿಂದುಶ್ರೀಯ ಮುಂದೆ ತಲೆ ಬಗ್ಗಿಸಿ ಕೂರುವ ಹಾಗಾಯಿತು. ಆ ಕೂದಲೋ, ಅರವತ್ತು ದಾಟಿದ ಮೇಲೂ ಸೊಂಟ ಮುಟ್ಟುತ್ತಿತ್ತು. ಬಾಚಣಿಗೆ ನಡುವಿನಲ್ಲಿ ಸಿಕ್ಕಿ ನಿಂತರೆ ಬಿಂದುಶ್ರೀ, "ಅತ್ತೆ, ಇದಕ್ಕೊಬ್ಬ ಟ್ರಾಫಿಕ್ ಪೊಲೀಸ್ ಬೇಕು," ಅನ್ನುತ್ತಿದ್ದಳು.

ಮಗ ಮಹೇಶ್ ವಿಚಾರಿಸಿ, ರಾಮಕೃಷ್ಣನಗರದಲ್ಲಿ ಕೀಲಿನ ಕಾಯಿಲೆ ನೋಡುವ ಡಾಕ್ಟರ್ ಶಾರದ ಅನ್ನುವವರನ್ನು ಗೊತ್ತುಮಾಡಿದ. ಒಂದು ಸೋಮವಾರ ಸಂಜೆ ಗಂಡ ಹೆಂಡತಿ ಸ್ಕೂಟರಿನಲ್ಲಿ ಹೋದರು. ಕ್ಲಿನಿಕ್ಕಿನ ಮುಂದೆ ಗಾಡಿ ಅಡ್ಡ ಇದೆ ಅಂತ ವಾಚ್‌ಮನ್ ಕೂಗಿದ್ದಕ್ಕೆ ಶಿವಮಲ್ಲಪ್ಪ ನಡುವೆ ಎದ್ದು ಹೊರಗೆ ಹೋದರು. ಅವನ ಜೊತೆ ಜಾಗದ ವಿಚಾರಕ್ಕೆ ನಾಲ್ಕು ಮಾತು ಜಗಳ ಮಾಡಿ ಒಳಗೆ ಬರುವಷ್ಟರಲ್ಲಿ ಮಾತ್ರೆಯ ಮಾತು ಮುಗಿದಿತ್ತು.

"ಕೂದಲು ಸ್ವಲ್ಪ ಉದುರಬಹುದು. ಅದಕ್ಕೆ ಹೆದರಿಕೊಂಡು ನೀವೇ ನಿಲ್ಲಿಸಬೇಡಿ. ಜಾಸ್ತಿ ಏನಾದರೂ ಅನ್ನಿಸಿದರೆ ನನಗೆ ಫೋನ್ ಮಾಡಿ," ಅನ್ನುತ್ತಿದ್ದರು ಡಾಕ್ಟರು. ಶಿವಮಲ್ಲಪ್ಪ ಕೇಳಿಸಿಕೊಂಡದ್ದು ಅಷ್ಟು.

ಉಳಿದದ್ದನ್ನು ದಾರಿಯಲ್ಲಿ ಹೆಂಡತಿ ಹೇಳಿದರು. ಮಾತ್ರೆ ಎರಡು ಥರ. ಒಂದು ಕಾಯಿಲೆಗೆ, ಜೋರಿನದು. ಇನ್ನೊಂದು ಬರೀ ವಿಟಮಿನ್ನು. ಒಂದು ಸೋಮವಾರಕ್ಕೆ, ಇನ್ನೊಂದು ಮಿಕ್ಕ ದಿನಕ್ಕೆ. "ಮರೆಯದೇ ಇರೋ ದಿನ ಯಾವ್ದು ಅಂದ್ರು. ಸೋಮವಾರ ನಾನು ಉಪವಾಸ ಇರ್ತೀನಿ, ಅದನ್ನ ಎಂಗೆ ಮರೀಲಿ ಅಂದೆ. ಆಗ್ಲಿ ಅಂತ ಬರೆದ್ರು."

ಓಣಿಯ ತುದಿಯಲ್ಲಿ ವಸಂತ್ ಅನ್ನುವವನ ಮೆಡಿಕಲ್ ಸ್ಟೋರು. ಅವನು ಚೀಟಿ ನೋಡಿ ಎರಡು ಸ್ಟ್ರಿಪ್ಪು ಕೊಟ್ಟ, ಎರಡು ಕಾಗದದ ಕವರಿನ ಮೇಲೂ ಕನ್ನಡದಲ್ಲಿ ಬರೆದು ಕೊಟ್ಟ. ಮನೆಗೆ ಬಂದು ಕನ್ನಡಕ ಏರಿಸಿ ನೋಡಿದರೆ, ಜೋರು ಮಾತ್ರೆಯ ಕವರಿನ ಮೇಲೆ 'ಸೋಮವಾರ ಮಾತ್ರ, ಊಟದ ನಂತರ' ಅಂತಿದೆ. ವಿಟಮಿನ್ನಿನ ಮೇಲೆ 'ಮಿಕ್ಕ ದಿನ'.

ಶಿವಮಲ್ಲಪ್ಪನವರ ಹಳೆಯ ಮೂಗು ಅರಳಿತು. ಸರ್ವಮಂಗಳಮ್ಮ ಸೋಮವಾರ ಅನ್ನದ ಅಗುಳು ಮುಟ್ಟುವವರಲ್ಲ. ಸಂಜೆ ಲಿಂಗಪೂಜೆ ಆದ ಮೇಲೆ ಒಂದು ಬಾಳೆಹಣ್ಣು, ಅರ್ಧ ಲೋಟ ಹಾಲು. ಮದುವೆಯಾಗಿ ಬಂದಾಗಿನಿಂದ ಇದೇ. ಹೊಟ್ಟೆ ಖಾಲಿ ಇರುವ ದಿನ ನೋಡಿ ಜೋರು ಮಾತ್ರೆ ಯಾವ ಡಾಕ್ಟರು ಬರೆಯುತ್ತಾರೆ? ಅದೂ ಊಟದ ನಂತರ ಅಂತ! ಉಪವಾಸ ಅಂತ ಇವಳು ಹೇಳಿದ್ದಕ್ಕೇ ಡಾಕ್ಟರು ಆ ದಿನಕ್ಕೆ ಹಗುರದ್ದು ಇಟ್ಟಿದ್ದಾರೆ. ಅದೂ ಅಲ್ಲದೆ, ದಿನಾ ಬೆಳಗಾದರೆ ಕಾಡುವ ನೋವಿಗೆ ವಾರಕ್ಕೊಂದು ಮಾತ್ರೆ, ವಿಟಮಿನ್ನು ಮಾತ್ರ ದಿನಾ ಅಂದರೆ ಯಾರಾದರೂ ನಗುತ್ತಾರೆ. ವಸಂತ್ ಮೊಬೈಲು ನೋಡುತ್ತ ಅದಲು ಬದಲು ಬರೆದಿದ್ದಾನೆ.

ಕೆಂಪು ಪೆನ್ನು ತೆಗೆದರು. ಎರಡು ಅಡ್ಡ ಗೀಟು. 'ಸೋಮವಾರ ಮಾತ್ರ' ವಿಟಮಿನ್ನಿಗೆ ಹೋಯಿತು, 'ಮಿಕ್ಕ ದಿನ' ಜೋರಿನದಕ್ಕೆ ಬಂತು. ಕೈ ತಾನೇ ತಾನಾಗಿ ಪಕ್ಕದಲ್ಲಿ 'ಶಿ.ಮ.' ಅಂತಲೂ ಬರೆಯಿತು. ಸರ್ವಮಂಗಳಮ್ಮ ನೀರಿನ ಚೊಂಬು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು. ಮರುದಿನ ಮಂಗಳವಾರದಿಂದ, ರಾತ್ರಿಯ ಊಟವಾದ ಮೇಲೆ, ಶಿವಮಲ್ಲಪ್ಪ ತಮ್ಮ ಕೈಯಾರೆ ಮಾತ್ರೆ ಬಿಡಿಸಿ ಹೆಂಡತಿಯ ಅಂಗೈಗೆ ಹಾಕತೊಡಗಿದರು. ಸರಿಯಾಗಿದ್ದದ್ದನ್ನು ತಪ್ಪು ಮಾಡಿದ್ದು ತಾವು ಅನ್ನುವುದು ಅವರಿಗೆ ತಿಳಿಯಲು ಹನ್ನೆರಡು ದಿನ ಹಿಡಿಯಿತು.

ಕೂದಲು ಕೈಗೆ ಬಂದ ಆ ಶುಕ್ರವಾರ ಹನ್ನೊಂದನೆಯ ದಿನ.

ಹತ್ತು ಗಂಟೆಯ ಹೊತ್ತಿಗೆ ಎದುರು ಮನೆಯ ಬೋರಮ್ಮ ಬಂದಳು. ಅವಳ ಕಣ್ಣಿಗೆ ಬೀಳದೆ ಓಣಿಯಲ್ಲಿ ಬೆಕ್ಕೂ ದಾಟದು.

"ಅಯ್ಯೋ ಮಂಗಳಮ್ಮಾ, ಏನವ್ವ ಇದು ಬೈತಲೆ! ಕಂಟ್ರೋಲರ್ ಸಾಹೇಬ್ರು ಎರಡು ಬಸ್ಸು ಜೊತೇಲಿ ಬುಡ್ಬೋದು, ಅಷ್ಟಗಲ ಆಗೋಗಿದೆ!"

ಸರ್ವಮಂಗಳಮ್ಮ ನಗಲು ಹೋಗಿ ಬಾಯಿಗೆ ಸೆರಗು ಹಿಡಿದರು. ತುಟಿಯ ಒಳಗೆ ಹುಣ್ಣಾಗಿತ್ತು.

"ಮಾತ್ರೆಯಿಂದ ಕಣೇ ಬೋರಮ್ಮ."

"ಅಂಗಾರೆ ಬುಟ್ಟಾಕಿ ಆ ಮಾತ್ರೆಯ. ದಾಸವಾಳದ ಎಲೆ ಅರೆದು ತಲೆಗೆ ಹಚ್ಚಿ, ನಾನೇ ತಂದ್ಕೊಡ್ತೀನಿ."

"ಬಿಡೋ ಹಾಗಿಲ್ಲ," ಅಂದರು ಶಿವಮಲ್ಲಪ್ಪ, ಪೇಪರಿನ ಹಿಂದಿನಿಂದ. "ನಿಲ್ಲಿಸಬಾರದು ಅಂತ ಡಾಕ್ಟ್ರು ಹೇಳಿದಾರೆ. ಕೂದಲಿನ ಆಸೆಗೆ ಕೈ ಕಳ್ಕೊಳ್ಳಕ್ಕಾಗುತ್ತಾ? ದಾಸವಾಳವಂತೆ, ದಾಸವಾಳ."

ಬೋರಮ್ಮ ಮೂತಿ ತಿರುವಿ ಹೋದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಸರ್ವಮಂಗಳಮ್ಮ ಒಂದು ತುತ್ತು ಬಾಯಿಗಿಟ್ಟು ಕಣ್ಣಲ್ಲಿ ನೀರು ತುಂಬಿಕೊಂಡರು. "ಸಾರು ಯಾಕಮ್ಮ ಇಷ್ಟು ಖಾರ ಮಾಡಿದೀಯ?"

ಬಿಂದುಶ್ರೀ ತನ್ನ ತಟ್ಟೆಯಿಂದ ಬೆರಳಲ್ಲಿ ಅದ್ದಿ ನೆಕ್ಕಿ ನೋಡಿದಳು. "ಅತ್ತೆ, ಇದಕ್ಕೆ ಮೆಣಸಿನಕಾಯಿ ಹಾಕೇ ಇಲ್ಲ. ನಿಮಗೆ ಬಾಯಿ ಹುಣ್ಣು ಅಂತ ಬರೀ ಬೇಳೆ ತಿಳಿ ಮಾಡಿದೀನಿ. ಎಲ್ಲಿ, ಬಾಯಿ ತೆಗೀರಿ." ನೋಡಿದವಳು ಮಾವನ ಕಡೆ ತಿರುಗಿದಳು. "ಮಾವ, ನಾಲಿಗೆ ಎಲ್ಲ ಸುಲಿದುಹೋದ ಹಾಗಿದೆ. ಡಾಕ್ಟರಿಗೆ ಒಂದು ಫೋನ್ ಮಾಡೋಣವಾ?"

"ಉಷ್ಣ ಕಣಮ್ಮ. ಮಜ್ಜಿಗೆ ಕೊಡು. ನಾಳೆ ನೋಡೋಣ."

ಹಾಗಂದರೂ ಆ ದಿನವೆಲ್ಲ ಶಿವಮಲ್ಲಪ್ಪ ಒಂದು ಕಡೆ ಕೂರಲಿಲ್ಲ. ಹೆಂಡತಿ ಎದ್ದ ಕಡೆಯೆಲ್ಲ ಹಿಂದೆಯೇ ಹೋಗಿ ಚಾಪೆ ಮೇಲೆ, ಕುರ್ಚಿಯ ಬೆನ್ನಿನ ಮೇಲೆ ಬಿದ್ದ ಕೂದಲನ್ನು ಆರಿಸಿದರು. ಸೊಸೆಗೆ ಕಾಣಬಾರದು. ಕಂಡರೆ ಮಾತ್ರೆ ನಿಲ್ಲಿಸು ಅನ್ನುತ್ತಾಳೆ, ನಿಲ್ಲಿಸಿದರೆ ಬೆರಳು ಮತ್ತೆ ಸೆಟೆದುಕೊಳ್ಳುತ್ತದೆ. ಹೀಗಂತ ತಮಗೆ ತಾವೇ ಹೇಳಿಕೊಂಡರು. ಆದರೆ ಕೂದಲು ಉದುರುವುದು ಬೇರೆ. ಇದು ಉದುರುವುದಲ್ಲ. ಒಳಗಿನಿಂದ ಯಾರೋ ಬೇರಿನ ಹಿಡಿತವನ್ನೇ ಬಿಡಿಸುತ್ತಿದ್ದಾರೆ.

ರಾತ್ರಿ ಊಟದ ಶಾಸ್ತ್ರ ಮುಗಿದ ಮೇಲೆ ಮಾತ್ರೆ ಹಿಡಿದು ಬಂದಾಗ ಸರ್ವಮಂಗಳಮ್ಮ ಮುಖ ತಿರುಗಿಸಿದರು. "ಇವತ್ತೊಂದಿನ ಬೇಡ್ರೀ. ನುಂಗಕ್ಕಾಗಲ್ಲ."

"ಒಂದು ದಿನ ತಪ್ಪಿದ್ರೆ ಇದುವರೆಗಿನದೆಲ್ಲ ವ್ಯರ್ಥ. ಕಣ್ಣು ಮುಚ್ಕೊಂಡು ನುಂಗು, ಎಲ್ಲಿ, ಜಾಣೆ."

ನುಂಗಿದರು. ಸ್ಟ್ರಿಪ್ಪಿನ ಕೊನೆಯ ಮಾತ್ರೆ ಅದು, ಹತ್ತನೆಯದು.

ಶನಿವಾರ ಬೆಳಿಗ್ಗೆ ಸರ್ವಮಂಗಳಮ್ಮನ ಮೈ ಕೆಂಡವಾಗಿತ್ತು. ಮೊಳಕೈ ಮೇಲೆ ನೇರಳೆಹಣ್ಣು ಜಜ್ಜಿದಂಥ ಎರಡು ಕಲೆ. "ಎಲ್ಲಿ ಹೊಡೆಸ್ಕೊಂಡೆ?" ಅಂದರೆ ತಲೆಯಾಡಿಸಿದರು, ಎಲ್ಲೂ ಇಲ್ಲ. ಜ್ವರಕ್ಕೆ ಒಂದು ಮಾತ್ರೆ, ಹಾಗೇ ಖಾಲಿಯಾದ ಸ್ಟ್ರಿಪ್ಪಿಗೆ ಇನ್ನೊಂದು ತರುತ್ತೇನೆಂದು ಶಿವಮಲ್ಲಪ್ಪ ಚೀಟಿಯನ್ನೂ ಕವರನ್ನೂ ಜೇಬಿಗೆ ಹಾಕಿಕೊಂಡು ಓಣಿಯ ತುದಿಗೆ ನಡೆದರು.

ವಸಂತ್ ಖಾಲಿ ಸ್ಟ್ರಿಪ್ಪನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.

"ಸಾರ್, ಇದು ಮೊನ್ನೆ ತಾನೇ ತಗೊಂಡು ಹೋದ್ರಲ್ಲ?"

"ಹೂಂ. ಖಾಲಿ ಆಯ್ತು. ಇನ್ನೊಂದು ಕೊಡು."

"ಖಾಲಿ ಎಂಗೆ ಆಯ್ತು ಸಾರ್? ಇದು ವಾರಕ್ಕೊಂದು. ಒಂದು ಸ್ಟ್ರಿಪ್ಪು ಎರಡು ತಿಂಗಳ ಮೇಲೆ ಬರ್ಬೇಕು." ಅವನ ಮುಖದ ಬಣ್ಣ ಇಳಿಯತೊಡಗಿತು. "ಸಾರ್... ದಿನಾ ಕೊಟ್ರಾ?"

ಶಿವಮಲ್ಲಪ್ಪನವರ ಕಿವಿಯಲ್ಲಿ ಗುಂಯ್ ಅಂತ ಶುರುವಾಯಿತು. ಅಂಗಡಿಯ ಗಾಜಿನ ಕಪಾಟು, ಸೋಪಿನ ಪೆಟ್ಟಿಗೆ, ವಸಂತನ ಬಾಯಿ, ಎಲ್ಲ ದೂರ ದೂರ ಹೋದವು. ಕೌಂಟರಿನ ಅಂಚು ಹಿಡಿದುಕೊಂಡರು.

"ದಿನಾ ಕೊಟ್ರೆ ಏನಾಗುತ್ತೆ?"

"ಅಯ್ಯೋ, ಪ್ರಾಣಕ್ಕೇ ಬರುತ್ತೆ ಸಾರ್! ರಕ್ತ ಹುಟ್ಟೋದೇ ನಿಂತೋಗುತ್ತೆ. ಅದಕ್ಕೇ ನಾನು ದೊಡ್ಡದಾಗಿ ಬರೆದು, ಕೆಳಗೆ ಗೀಟು ಬೇರೆ ಎಳೆದಿದ್ದೆ. ದಿನಾ ಕೊಟ್ಟಿಲ್ಲ ತಾನೇ?"

ಆಗ ಶಿವಮಲ್ಲಪ್ಪನವರ ಬಾಯಿಂದ ಬಂದ ಮಾತನ್ನು ಅವರೇ ಮುಂದೆ ಎಷ್ಟೋ ದಿನ ನಂಬಲಿಲ್ಲ.

"ಇಲ್ಲ ಇಲ್ಲ. ಸ್ಟ್ರಿಪ್ಪು ಎಲ್ಲೋ ಬಿದ್ದು ನೆಂದು ಹೋಯ್ತು. ಅದಕ್ಕೇ ಕೇಳ್ದೆ." ಅಂದವರೇ ಸ್ಟ್ರಿಪ್ಪನ್ನು ಅವನ ಕೈಯಿಂದ ಕಿತ್ತುಕೊಂಡು ತಿರುಗಿದರು.

ಅಂಗಡಿಯಿಂದ ಮನೆಗೆ ನೂರು ಹೆಜ್ಜೆ. ಎದುರು ಬಂದ ಇಬ್ಬರು ಕೈ ಮುಗಿದರು, ಒಬ್ಬ, "ಕಂಟ್ರೋಲರ್ ಸಾರ್, ಸಂಜೆ ಅರ್ಜಿ ತರ್ಲಾ?" ಅಂದ. ತಲೆಯಾಡಿಸಿದರು. ತನ್ನ ಕೈಯಾರೆ ಹತ್ತು ದಿನ ಹೆಂಡತಿಗೆ ವಿಷ ಹಾಕಿದವನು ಅಂತ ಇವರಿಗೆಲ್ಲ ತಿಳಿದರೆ? ಮಹೇಶನಿಗೆ ಏನಂತ ಹೇಳುವುದು? ಬೇಡ, ಮಾತ್ರೆ ನಿಂತಿತಲ್ಲ, ಇವತ್ತಿನಿಂದ ಕೊಡದಿದ್ದರಾಯಿತು, ತಾನೇ ಇಳಿಯುತ್ತದೆ. ಹೀಗೆ ಮನಸ್ಸು ಒಂದು ಕಡೆಯಿಂದ ಬಾಗಿಲು ಹಾಕುತ್ತ ಬಂದರೆ ಇನ್ನೊಂದು ಕಡೆಯಿಂದ ವಸಂತನ ಮಾತು ಒದ್ದು ತೆರೆಯುತ್ತಿತ್ತು. ರಕ್ತ ಹುಟ್ಟೋದೇ ನಿಂತೋಗುತ್ತೆ.

ಮನೆಯ ಮುಂದೆ ಆಟೋ ನಿಂತಿತ್ತು. ಬಿಂದುಶ್ರೀ ಅತ್ತೆಯನ್ನು ತಬ್ಬಿ ಹೊರಗೆ ಕರೆತರುತ್ತಿದ್ದಳು. "ಮಾವ, ವಸಡಿನಿಂದ ರಕ್ತ ಬರ್ತಿದೆ. ಆಸ್ಪತ್ರೆಗೆ ಹೋಗೋಣ ಹತ್ತಿ. ಇವರಿಗೆ ಫೋನ್ ಮಾಡಿದೀನಿ, ಫ್ಯಾಕ್ಟರಿಯಿಂದ ಹಾಗೇ ಬರ್ತಾರೆ."

ಆಸ್ಪತ್ರೆಯಲ್ಲಿ ತುರ್ತು ವಿಭಾಗದ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ರಕ್ತ ತೆಗೆಸಿ ಕಳಿಸಿದಳು, ಸಲೈನು ಹಾಕಿಸಿದಳು. ಸರ್ವಮಂಗಳಮ್ಮ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ತುಟಿ ಊದಿತ್ತು, ಕೇಳಿದ್ದಕ್ಕೆಲ್ಲ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ರಿಪೋರ್ಟು ಬರಲು ಎರಡು ಗಂಟೆ ಬೇಕೆಂದರು. ಆ ಎರಡು ಗಂಟೆ ಶಿವಮಲ್ಲಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಬಿಳಿಯ ದಿಂಬನ್ನೇ ನೋಡಿದರು. ಹೆಂಡತಿ ತಲೆ ಅಲುಗಿಸಿದಾಗಲೆಲ್ಲ ಒಂದು ಹಿಡಿ ಕೂದಲು ತಲೆಯ ಜೊತೆ ಬಾರದೆ ದಿಂಬಿನ ಮೇಲೇ ಉಳಿಯುತ್ತಿತ್ತು. ಇಲ್ಲಿ ಆರಿಸಿ ಬಚ್ಚಿಡುವುದಕ್ಕೆ ಜಾಗವಿರಲಿಲ್ಲ.

ಹೇಳಬೇಕು ಅಂತ ಮೂರು ಸಲ ಬಾಯಿ ತೆರೆದರು. ಮೂರು ಸಲವೂ ಸಲೈನಿನ ಬಾಟಲಿ ನೋಡಿ ಮುಚ್ಚಿಕೊಂಡರು.

ರಿಪೋರ್ಟು ಬಂತು. ಡಾಕ್ಟರ ಹುಬ್ಬು ಗಂಟಾಯಿತು. "ಬಿಳಿ ರಕ್ತಕಣ ತುಂಬಾ ಕಡಿಮೆ ಇದೆ. ಪ್ಲೇಟ್‌ಲೆಟ್ಟೂ ಇಳಿದಿದೆ. ಊರಲ್ಲೆಲ್ಲ ಡೆಂಗಿ ಓಡಾಡ್ತಿದೆ, ಅದೇ ಇರಬಹುದು. ಟೆಸ್ಟ್ ಕಳಿಸೋಣ. ಬೇರೆ ಯಾವುದಾದರೂ ಮಾತ್ರೆ ತಗೋತಾರಾ?"

ಶಿವಮಲ್ಲಪ್ಪ ಚೀಟಿ ಕೊಟ್ಟರು. ಅವಳು ಓದಿದಳು. "ಇದು ವಾರಕ್ಕೆ ಒಂದು. ಎರಡು ವಾರದ ಹಿಂದೆ ಶುರು... ಅಂದರೆ ಇದುವರೆಗೆ ಒಂದೋ ಎರಡೋ ಆಗಿದೆ. ಅಷ್ಟಕ್ಕೆ ಹೀಗೆಲ್ಲ ಆಗೋದು ಅಪರೂಪ. ಡೆಂಗಿ ಅಂತಲೇ ಇಟ್ಕೊಂಡು ನೋಡೋಣ, ನಾಳೆ ಮತ್ತೆ ರಕ್ತ ತೆಗೀತೀವಿ."

ಡೆಂಗಿ! ಎಂಥ ಸಲೀಸಾದ ದಾರಿ! ಸೊಳ್ಳೆ ಕಚ್ಚಿತು ಅಂದರೆ ಯಾರ ತಪ್ಪೂ ಇಲ್ಲ. ಒಂದು ಕ್ಷಣ, ಒಂದೇ ಕ್ಷಣ, ಶಿವಮಲ್ಲಪ್ಪನವರ ಎದೆ ಹಗುರಾಯಿತು. ಆ ಹಗುರವೇ ಅವರನ್ನು ಹೆದರಿಸಿದ್ದು. ಬೆಳಗಿನಿಂದ ಹೆದರಿದ್ದೆಲ್ಲ ಒಂದು ತೂಕ, ಇದು ಒಂದು ತೂಕ. ಮಂಗಳಾ ಇಲ್ಲಿ ಮಲಗಿದ್ದಾಳೆ, ನಾನು ಹಗುರಾಗುತ್ತಿದ್ದೇನೆ! ಡಾಕ್ಟರು ಚೀಟಿ ಮಡಚಿ ಮುಂದಿನ ಮಂಚದ ಕಡೆ ಹೊರಟಿದ್ದಳು.

"ತಾಯೀ," ಅಂದರು. ದನಿ ಅವರದೇ ಅಲ್ಲದ ಹಾಗೆ ಕೀರಲಾಗಿತ್ತು. "ಎರಡಲ್ಲ. ಹತ್ತು."

"ಏನು ಹತ್ತು?"

"ಮಾತ್ರೆ. ದಿನಾ ಒಂದು. ನಾನೇ ಕೊಟ್ಟೆ. ಅಂಗಡಿಯವನು ಸರಿಯಾಗೇ ಬರೆದಿದ್ದ, ನಾನೇ ಹೊಡೆದು ಹಾಕಿ ತಿದ್ದಿದೆ." ಜೇಬಿನಿಂದ ಕವರು ತೆಗೆದು ಚಾಚಿದರು. ಕೆಂಪು ಗೀಟು, ಸಹಿ ಸಮೇತ.

ಡಾಕ್ಟರು ಕವರನ್ನೂ ಅವರ ಮುಖವನ್ನೂ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕೊನೇದು ಯಾವಾಗ?"

"ನಿನ್ನೆ ರಾತ್ರಿ."

"ಸಿಸ್ಟರ್!" ಅಂತ ಕೂಗಿಕೊಂಡು ಅವಳು ಓಡಿದ ಓಟಕ್ಕೆ ಪಕ್ಕದ ಮಂಚದವರೂ ಎದ್ದು ಕೂತರು. ಈ ಮಾತ್ರೆಯ ವಿಷ ಮುರಿಯುವ ಇಂಜೆಕ್ಷನ್ ಒಂದಿದೆಯಂತೆ, ಎಷ್ಟು ಬೇಗ ಹಾಕಿದರೆ ಅಷ್ಟು ಒಳ್ಳೆಯದಂತೆ. ಐದು ನಿಮಿಷದಲ್ಲಿ ನಾಲ್ಕು ಜನ ಮಂಚದ ಸುತ್ತ ನಿಂತರು. ಡಾಕ್ಟರ್ ಶಾರದ ಅವರಿಗೆ ಫೋನು ಹೋಯಿತು. ಮಂಚವನ್ನೇ ತಳ್ಳಿಕೊಂಡು ಬೇರೆ ಕೋಣೆಗೆ ಒಯ್ದರು. ಬಾಗಿಲು ಮುಚ್ಚಿತು.

ಹೊರಗೆ ಉಳಿದವರು ಬಿಂದುಶ್ರೀ ಮತ್ತು ಶಿವಮಲ್ಲಪ್ಪ.

"ಮಾವ, ಬೆಳಿಗ್ಗೆ ಮೆಡಿಕಲ್‌ಗೆ ಹೋಗಿದ್ದಾಗಲೇ ನಿಮಗೆ ಗೊತ್ತಾಯ್ತಾ?"

"ಹೂಂ."

ಅವಳು ಗೋಡೆಯ ಗಡಿಯಾರ ನೋಡಿದಳು. "ಮೂರು ಗಂಟೆ ಹೊತ್ತು, ಮಾವ," ಅಂದಳು. ಅಷ್ಟೇ.

ಮುಂದಿನ ಐದು ದಿನ ಅವರು ಬದುಕಿದ್ದು ದಿನಕ್ಕೊಂದು ಸಲ ಬರುವ ರಕ್ತದ ರಿಪೋರ್ಟಿನ ಮೇಲೆ. ಭಾನುವಾರ ಇನ್ನೂ ಇಳಿಯಿತು. ಸೋಮವಾರ ಇನ್ನೂ ಇಳಿಯಿತು. ಸೋಂಕು ತಗುಲಿದರೆ ಮೈಗೆ ತಡೆಯುವ ಶಕ್ತಿ ಇಲ್ಲ ಅಂತ ಯಾರನ್ನೂ ಒಳಗೆ ಬಿಡಲಿಲ್ಲ. ಬಾಗಿಲಿನ ಸಣ್ಣ ಗಾಜಿನಿಂದ ನೋಡಬಹುದಿತ್ತು ಅಷ್ಟೇ. ಸೋಮವಾರ ಸಂಜೆ ಗಾಜಿನಿಂದ ನೋಡಿದರೆ ತಲೆ ಪೂರ್ತಿ ಬೋಳು. ಉಳಿದಿದ್ದ ನಾಲ್ಕೆಳೆಯನ್ನೂ ನರ್ಸು ತೆಗೆದು ಹಸಿರು ಬಟ್ಟೆ ಸುತ್ತಿದ್ದಳು. ಶಿವಮಲ್ಲಪ್ಪನವರಿಗೆ ಒಂದು ಗಳಿಗೆ ಅದು ಯಾರೆಂದೇ ಗುರುತು ಸಿಗಲಿಲ್ಲ. ಸಿಕ್ಕಾಗ ಗಾಜಿಗೆ ಹಣೆ ಹಚ್ಚಿ ನಿಂತುಬಿಟ್ಟರು. ಮಹೇಶ ಬಂದು ತೋಳು ಹಿಡಿದು ಬೆಂಚಿಗೆ ಕೂರಿಸಿದ. ಅವನಿಗೆ ವಿಷಯವೆಲ್ಲ ಗೊತ್ತಾಗಿತ್ತು. "ಊಟ ಮಾಡಿದ್ರಾ?" ಅಂದ. ಡಾಕ್ಟರು ಕಾರಿಡಾರಿನಲ್ಲಿ ಬರುವುದು ಕಂಡರೆ ಶಿವಮಲ್ಲಪ್ಪ ಮೊದಲು ನೋಡುತ್ತಿದ್ದದ್ದು ಅವರ ಮುಖವನ್ನಲ್ಲ, ನಡಿಗೆಯನ್ನು. ನಿಧಾನ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಬೇಗ ಬಂದರೂ ಹೊಡೆದುಕೊಳ್ಳುತ್ತಿತ್ತು.

ಮಂಗಳವಾರ ಇಳಿಯಲಿಲ್ಲ, ಏರಲೂ ಇಲ್ಲ. ಬುಧವಾರ ಒಂದು ಕೂದಲೆಳೆಯಷ್ಟು ಏರಿತು. ಗುರುವಾರ ಡಾಕ್ಟರ್ ಶಾರದ ತಾವೇ ಹೊರಗೆ ಬಂದು, "ಮಜ್ಜೆ ಮತ್ತೆ ಕೆಲಸ ಶುರು ಮಾಡಿದೆ. ಗಂಡಾಂತರ ಪೂರ್ತಿ ಕಳ್ದಿಲ್ಲ, ಆದರೆ ದಾರಿಗೆ ಬಂದಿದಾರೆ," ಅಂದರು. "ಆ ದಿನ ನೀವು ಬಾಯಿ ಬಿಡದೇ ಇದ್ದಿದ್ದರೆ..." ಅಂತ ಶುರುಮಾಡಿ, ಏನೆನ್ನಿಸಿತೋ, ಮುಗಿಸದೆ ಹೋದರು. ಕೂದಲು ತಿಂಗಳುಗಳ ಮೇಲೆ ಬರುತ್ತದೆಯಂತೆ. ಬೆರಳಿಗೆ ಬೇರೆ ಔಷಧಿ, ನಿಧಾನಕ್ಕೆ.

ಶುಕ್ರವಾರ ಮಾಸ್ಕು ಹಾಕಿಸಿ ಶಿವಮಲ್ಲಪ್ಪನವರೊಬ್ಬರನ್ನು ಒಳಗೆ ಬಿಟ್ಟರು. ಸರ್ವಮಂಗಳಮ್ಮ ದಿಂಬಿಗೆ ಒರಗಿ ಕೂತಿದ್ದರು. ತುಟಿಯ ಊತ ಇಳಿದಿತ್ತು, ಮಾತು ಬರುತ್ತಿತ್ತು, ಆದರೆ ಒಂದೊಂದು ಮಾತಿಗೂ ನೋವು. ಸ್ಟೂಲು ಎಳೆದುಕೊಂಡು ಕೂತ ಶಿವಮಲ್ಲಪ್ಪ ಒಂದೇ ಉಸಿರಿಗೆ ಎಲ್ಲ ಹೇಳಿದರು. ಕವರು ತಿದ್ದಿದ್ದು, ವಸಂತನಿಗೆ ಸುಳ್ಳು ಹೇಳಿದ್ದು, ಡೆಂಗಿ ಅಂದಾಗ ಎದೆ ಹಗುರಾದದ್ದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ತಲೆ ತಗ್ಗಿಸಿದರು.

ಸರ್ವಮಂಗಳಮ್ಮ ಹಸಿರು ಬಟ್ಟೆಯ ಅಂಚನ್ನು ಕಿವಿಯ ಹಿಂದೆ ಸರಿಸಿಕೊಂಡರು.

"ನಂಗೆ ಅವತ್ತೇ ಗೊತ್ತಿತ್ತು ಕಣ್ರೀ."

"ಏನು ಗೊತ್ತಿತ್ತು?"

"ಜೋರಿಂದು ಸೋಮವಾರಕ್ಕೆ ಅಂತಾನೇ ಡಾಕ್ಟ್ರಮ್ಮ ಹೇಳಿದ್ದು. ಎರಡು ಸಲ ಹೇಳಿದ್ರು. ಹಾಲು ಹಣ್ಣು ತಗೊಂಡ ಮೇಲೆ ತಗೋಬೋದು ಅಂತಲೂ ಹೇಳಿದ್ರು."

ಶಿವಮಲ್ಲಪ್ಪ ಸ್ಟೂಲಿನಿಂದ ಅರ್ಧ ಎದ್ದರು. "ಮತ್ತೆ... ನಾನು ತಿದ್ದೋವಾಗ ಪಕ್ಕದಲ್ಲೇ ನಿಂತಿದ್ದೆಯಲ್ಲೇ! ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಕೆಂಪು ಪೆನ್ನು ತೆಗೆದ್ಬುಟ್ರಿ. ಆಮೇಲೆ ನಿಮಗೆ ಯಾರು ಹೇಳ್ತಾರೆ? ಮೂವತ್ತೊಂಬತ್ತು ವರ್ಷದಲ್ಲಿ ಒಂದು ಸಲ ಹೇಳಕ್ಕೆ ಬಂದಿದ್ದಕ್ಕೆ ಮೂರು ದಿನ ಊಟ ಬಿಟ್ಟು ಕೂತಿದ್ರಿ. ನನಗೇ ತಪ್ಪು ಕೇಳಿಸಿರಬೇಕು ಅಂದ್ಕೊಂಡೆ. ಅಂದ್ಕೊಂಡು ನುಂಗಿದೆ."

ಗಾಜಿನಾಚೆ ಬಿಂದುಶ್ರೀ ನಿಂತಿದ್ದಳು. ಒಳಗೆ ಸಲೈನು ಹನಿಯುತ್ತಿತ್ತು. ಶಿವಮಲ್ಲಪ್ಪನವರಿಗೆ ಈ ಒಂದು ವಾರದಲ್ಲಿ ಆಗದಿದ್ದ ಭಯ ಈಗ ಆಯಿತು. ಮೂವತ್ತೊಂಬತ್ತು ವರ್ಷ ಒಂದೇ ಒಲೆಯ ಅನ್ನ ಉಂಡವಳು, ಪಕ್ಕದಲ್ಲಿ ನಿಂತು, ತಪ್ಪು ಅಂತ ಅನುಮಾನ ಇದ್ದರೂ ಬಾಯಿ ಮುಚ್ಚಿಕೊಂಡು ನುಂಗುವ ಹಾಗೆ ಮಾಡಿದ್ದು ಮಾತ್ರೆಯಲ್ಲ.

"ಮಂಗಳಾ," ಅಂದರು. "ಹೀಗೆ... ಹೇಳದೇ ಬಿಟ್ಟಿರೋದು ಇನ್ನೂ ಏನಾದ್ರೂ ಇದೆಯೇನೆ?"

ಸರ್ವಮಂಗಳಮ್ಮ ಗಂಡನನ್ನು ಒಂದು ಗಳಿಗೆ ಅಳೆದು ನೋಡಿದರು.

"ಇದೆ. ಮೊದ್ಲು ಬಾಯಿ ಹುಣ್ಣು ಮಾಯಲಿ, ಒಂದೊಂದೇ ಹೇಳ್ತೀನಿ."